79ನೇ ಮಹಡಿಯ ಕಚೇರಿ: ಸಕಲ ಮೃತರ ದಿನಕ್ಕೊಂದು ನೆನಪು



ನವೆಂಬರ್ 2 ಬಂತೆಂದರೆ ನಾವೆಲ್ಲ ನಮ್ಮ ನಮ್ಮ ಧರ್ಮಕೇಂದ್ರದ ಸಮಾಧಿ ಭೂಮಿಗೆ ಹೋಗುತ್ತೇವೆ. ಕಳೆ ಕಿತ್ತು, ಸಮಾಧಿಗೆ ಸುಣ್ಣ ಬಳಿದು, ಸೇವಂತಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಗುರುಗಳು ಪವಿತ್ರ ಜಲ ಪ್ರೋಕ್ಷಿಸಲು ಬರುವುದನ್ನು ಕಾಯುತ್ತ ನಿಲ್ಲುತ್ತೇವೆ. ತುಂಬು ಬಾಳು ಬಾಳಿ ಹೋದ ಅಜ್ಜ ಅಜ್ಜಿಯರ ಸಮಾಧಿಯ ಬಳಿ ನಮಗೆ ಮಾತು ಬರುತ್ತದೆ. ಅವರ ಒಳ್ಳೆಯ ಗುಣಗಳನ್ನು ಮಕ್ಕಳಿಗೆ ಹೇಳುತ್ತೇವೆ. ಆದರೆ ಅಪಘಾತದಲ್ಲಿ ಹೋದವರ ಸಮಾಧಿಯ ಮುಂದೆ ಮಾತು ನಿಂತುಹೋಗುತ್ತದೆ. ಚಿತ್ರದುರ್ಗ, ಹಿರಿಯೂರಿನ ಹೆದ್ದಾರಿಯ ಪಕ್ಕದಲ್ಲಿ ಬಾಳುವ ನಮಗೆ ಅಂಥ ಸಾವುಗಳು ಹೊಸವಲ್ಲ. ಆಗ ಯಾರೋ ಒಬ್ಬರು ಮೆಲ್ಲನೆ ಕೇಳಿಯೇ ಕೇಳುತ್ತಾರೆ: “ಯಾರು ಮಾಡಿದ ಪಾಪಕ್ಕೆ ಈ ಶಿಕ್ಷೆ?” ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಈ ಸಲ ಒಂದು ಹಳೆಯ ಘಟನೆಯನ್ನು ನಿಮ್ಮ ಮುಂದಿಡುತ್ತಿದ್ದೇವೆ.

ನಮ್ಮ ಜೋಗಿಮಟ್ಟಿಯನ್ನು ಬಲ್ಲವರಿಗೆ ಮಂಜು ಎಂದರೆ ಏನೆಂದು ಹೇಳಬೇಕಾಗಿಲ್ಲ. ಚಿತ್ರದುರ್ಗದ ಕೋಟೆಯ ದಕ್ಷಿಣಕ್ಕೆ ಹಬ್ಬಿರುವ ಆ ಗಿರಿಯ ಮೇಲೆ ಮಳೆಗಾಲದ ಬೆಳಿಗ್ಗೆ ನಿಂತರೆ ಹತ್ತು ಮಾರು ದೂರದ ಮರ ಕಾಣುವುದಿಲ್ಲ. ಗಾಳಿಯಂತ್ರಗಳ ರೆಕ್ಕೆಯ ಸದ್ದು ಕೇಳಿಸುತ್ತದೆ, ಕಂಬ ಕಾಣಿಸುವುದಿಲ್ಲ. ಆಕಾಶದಿಂದ ವಿಮಾನ ಬೀಳುವುದನ್ನೂ ನಮ್ಮ ಜಿಲ್ಲೆ ಕಂಡಿದೆ. ಚಳ್ಳಕೆರೆ ಕಡೆಯ ಪರೀಕ್ಷಾ ಕೇಂದ್ರದಿಂದ ಹಾರಿದ ಪೈಲಟ್ ಇಲ್ಲದ ‘ತಪಸ್’ ವಿಮಾನವೊಂದು 2019ರ ಸೆಪ್ಟೆಂಬರ್ 17ರಂದು ಜೋಡಿ ಚಿಕ್ಕೇನಹಳ್ಳಿಯ ತೋಟದಲ್ಲಿ ಬಿತ್ತು. ಇನ್ನೊಂದು 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಎರಡು ಸಲವೂ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಜನ ಗುಂಪುಗೂಡಿ ನೋಡಿದರು, ದೇವರು ದೊಡ್ಡವನು ಎಂದು ಮನೆಗೆ ಹೋದರು. ದೇವರಿಗೆ ಕೃತಜ್ಞತೆ ಹೇಳುವುದು ಸರಿಯೇ. ಆದರೆ ಜನರಿದ್ದ ಕಡೆಯೇ ವಿಮಾನ ಬಿದ್ದಿದ್ದರೆ? ಸತ್ತವರ ಮೇಲೆ ದೇವರಿಗೆ ಕೋಪವಿತ್ತು ಎನ್ನುತ್ತಿದ್ದೆವೇ?

ಅಂಥದ್ದೊಂದು ದುರಂತ ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, ಜನನಿಬಿಡವಾದ ನ್ಯೂಯಾರ್ಕ್ ನಗರದಲ್ಲಿ ನಡೆಯಿತು. ಬಾಂಬರ್ ವಿಮಾನ ಬಡಿದದ್ದು ಯುದ್ಧದ ಕಚೇರಿಗಲ್ಲ, ನಮ್ಮ ಧರ್ಮಸಭೆಯ ಒಂದು ಸೇವಾ ಕಚೇರಿಗೆ.

ಆ ಶನಿವಾರದ ಬೆಳಿಗ್ಗೆ

1945ರ ಜುಲೈ 28, ಶನಿವಾರ. ಯೂರೋಪಿನಲ್ಲಿ ಯುದ್ಧ ಮುಗಿದು ಎರಡೂವರೆ ತಿಂಗಳಾಗಿತ್ತು. ಜಪಾನಿನೊಂದಿಗೆ ಇನ್ನೂ ನಡೆದಿತ್ತು. ಆ ಬೆಳಿಗ್ಗೆ ಅಮೆರಿಕದ ಸೇನೆಯ ಬಿ-25 ಮಿಚೆಲ್ ಎಂಬ ಎರಡು ಎಂಜಿನ್ನಿನ ಬಾಂಬರ್ ವಿಮಾನ ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್ ನೆಲೆಯಿಂದ ನ್ಯೂಯಾರ್ಕ್ ಕಡೆಗೆ ಹೊರಟಿತು. ಈ ವಿಮಾನ ನಮ್ಮ ನಾಡಿಗೂ ಅಪರಿಚಿತವಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಸೇನೆ ನಡೆಸಲು ವಹಿಸಿಕೊಂಡಾಗ, ಅಲ್ಲಿ ದುರಸ್ತಿಗೊಂಡ ಯುದ್ಧವಿಮಾನಗಳಲ್ಲಿ ಮಿಚೆಲ್‌ಗಳೂ ಇದ್ದವು.

ಅಂದು ಅದರಲ್ಲಿ ಬಾಂಬುಗಳಿರಲಿಲ್ಲ. ಮೂವರು ಮಾತ್ರ ಇದ್ದರು. ಪೈಲಟ್ ಲೆಫ್ಟಿನೆಂಟ್ ಕರ್ನಲ್ ವಿಲಿಯಂ ಸ್ಮಿತ್, 27 ವರ್ಷದವರು. ಯೂರೋಪಿನ ಆಕಾಶದಲ್ಲಿ ಬಾಂಬರ್ ನಡೆಸಿ, ಗುಂಡಿನ ಮಳೆಯನ್ನು ದಾಟಿ, ಕೂದಲೂ ಕೊಂಕದೆ ಹಿಂತಿರುಗಿದ್ದರು. ಎರಡನೆಯವರು ಸೇನೆಯ ಒಬ್ಬ ಸಾರ್ಜೆಂಟ್. ಮೂರನೆಯವರು ನೌಕಾದಳದ ಒಬ್ಬ ಎಳೆಯ ನಾವಿಕ. ಯುದ್ಧದಲ್ಲಿ ಅವರ ಅಣ್ಣತಮ್ಮಂದಿರಲ್ಲಿ ಒಬ್ಬರು ಮಡಿದ ಸುದ್ದಿ ಬಂದಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ತಂದೆತಾಯಿಯರ ಜತೆಗಿರಲೆಂದು, ಹೊರಟಿದ್ದ ವಿಮಾನದಲ್ಲಿ ಒಂದು ಸ್ಥಳ ಬೇಡಿ ಕುಳಿತಿದ್ದರು.

ನ್ಯೂಯಾರ್ಕಿನ ಮೇಲೆ ದಟ್ಟ ಮಂಜು ಕವಿದಿತ್ತು. ಸ್ಮಿತ್ ಅವರು ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಹೋಗಬೇಕಿತ್ತು. ಲಗ್ವಾರ್ಡಿಯಾ ನಿಲ್ದಾಣದ ನಿಯಂತ್ರಣ ಗೋಪುರದಲ್ಲಿದ್ದವರು, ನಮಗೆ ಇಲ್ಲಿಂದ ಎಂಪೈರ್ ಸ್ಟೇಟ್ ಕಟ್ಟಡದ ತುದಿಯೇ ಕಾಣುತ್ತಿಲ್ಲ ಎಂದು ರೇಡಿಯೋದಲ್ಲಿ ಎಚ್ಚರಿಸಿದರು. ಸ್ಮಿತ್ ಅವರು ಮುಂದುವರಿದರು. ಮಂಜಿನಲ್ಲಿ ದಿಕ್ಕು ತಪ್ಪಿತು. ಎತ್ತರದ ಕಟ್ಟಡಗಳ ನಡುವೆ ಬಾಂಬರ್ ವಿಮಾನ ನುಸುಳುತ್ತಿರುವುದನ್ನು ಕೆಳಗೆ ಬೀದಿಯಲ್ಲಿದ್ದವರು ಕಂಡು ದಿಗ್ಭ್ರಮೆಗೊಂಡರು. ಒಂಬತ್ತು ಗಂಟೆ ನಲವತ್ತು ನಿಮಿಷದ ಸುಮಾರಿಗೆ ವಿಮಾನ ಎಂಪೈರ್ ಸ್ಟೇಟ್ ಕಟ್ಟಡದ ಉತ್ತರದ ಗೋಡೆಗೆ, 78 ಮತ್ತು 80ನೇ ಮಹಡಿಗಳ ನಡುವೆ ಬಡಿಯಿತು. 1931ರಲ್ಲಿ ಪೂರ್ಣಗೊಂಡ, 102 ಮಹಡಿಗಳ, 381 ಮೀಟರ್ ಎತ್ತರದ ಆ ಕಟ್ಟಡ ಆಗ ಇಡೀ ಜಗತ್ತಿನಲ್ಲೇ ಅತ್ಯಂತ ಎತ್ತರದ್ದು.

ಗೋಡೆಯಲ್ಲಿ ಸುಮಾರು 18 ಅಡಿ ಅಗಲ, 20 ಅಡಿ ಎತ್ತರದ ತೂತು ಬಿತ್ತು. ವಿಮಾನದ ಪೆಟ್ರೋಲು ಹೊತ್ತಿಕೊಂಡು ಮಹಡಿಯಿಂದ ಮಹಡಿಗೆ ಹರಿಯಿತು. ಒಂದು ಎಂಜಿನ್ ಕಟ್ಟಡವನ್ನು ಸೀಳಿಕೊಂಡು ದಕ್ಷಿಣದ ಗೋಡೆಯಿಂದ ಹೊರಬಿದ್ದು ಇನ್ನೊಂದು ಕಟ್ಟಡದ ಚಾವಣಿಯ ಮೇಲೆ ಬೆಂಕಿ ಹಚ್ಚಿತು. ಇನ್ನೊಂದು ಎಂಜಿನ್ ಲಿಫ್ಟಿನ ಬಾವಿಯೊಳಗೆ ಬಿತ್ತು. ಅಗ್ನಿಶಾಮಕ ದಳದವರು ಆ ಎತ್ತರಕ್ಕೆ ಏರಿ ಸುಮಾರು 40 ನಿಮಿಷಗಳಲ್ಲಿ ಬೆಂಕಿಯನ್ನು ಹತೋಟಿಗೆ ತಂದರು. ಒಟ್ಟು 14 ಜನ ಸತ್ತರು: ವಿಮಾನದಲ್ಲಿದ್ದ ಮೂವರು, ಕಟ್ಟಡದಲ್ಲಿದ್ದ ಹನ್ನೊಂದು ಮಂದಿ. ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಶನಿವಾರವಾಗಿತ್ತು, ವಾರದ ನಡುವಿನ ದಿನವಾಗಿದ್ದರೆ ಸಾವು ಇನ್ನೆಷ್ಟಿರುತ್ತಿತ್ತೋ!

ಯಾರ ಕಚೇರಿ ಅದು?

79ನೇ ಮಹಡಿಯಲ್ಲಿ ಇದ್ದುದು ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು 1943ರಲ್ಲಿ ಸ್ಥಾಪಿಸಿದ್ದ ಯುದ್ಧ ಪರಿಹಾರ ಸೇವೆಯ ಕಚೇರಿ. ಅದರ ಮುಖ್ಯಸ್ಥರಾಗಿದ್ದವರು ಮಾನ್ಸಿಂಜೊರ್ ಪ್ಯಾಟ್ರಿಕ್ ಓಬೊಯ್ಲ್. ಮುಂದೆ ವಾಷಿಂಗ್ಟನ್ನಿನ ಮಹಾಧರ್ಮಾಧ್ಯಕ್ಷರೂ 1967ರಲ್ಲಿ ಕಾರ್ಡಿನಲರೂ ಆದವರು. ಯುದ್ಧದಿಂದ ಮನೆಮಠ ಕಳೆದುಕೊಂಡವರಿಗೆ ಅನ್ನ, ಬಟ್ಟೆ, ಔಷಧ ಕಳಿಸುವುದೇ ಆ ಕಚೇರಿಯ ಕೆಲಸ. ಅದರ ಮೊದಮೊದಲ ಕೆಲಸಗಳಲ್ಲಿ ಒಂದು ಪೋಲೆಂಡಿನ ನಿರಾಶ್ರಿತರ ಆರೈಕೆ. ಸೈಬೀರಿಯದ ಚಳಿಗೆ ಗಡೀಪಾರಾಗಿ, ಇರಾನಿನ ದಾರಿಯಾಗಿ ಬದುಕಿ ಬಂದ ಆ ಪೋಲಿಷ್ ಕಥೋಲಿಕ ಕುಟುಂಬಗಳಲ್ಲಿ ಕೆಲವು ಮೆಕ್ಸಿಕೋ ದೇಶ ತಲುಪಿದವು. ಅದೇ ಪೋಲಿಷ್ ಜನರಲ್ಲಿ ಸುಮಾರು 5,000 ಮಂದಿ 1943ರಿಂದ 1948ರವರೆಗೆ ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದ ವಳಿವಡೆ ಶಿಬಿರದಲ್ಲಿ ಆಶ್ರಯ ಪಡೆದಿದ್ದರು ಎಂಬುದನ್ನು ನಮ್ಮ ಓದುಗರು ನೆನಪಿಡಬೇಕು. ಯುದ್ಧದ ಗಾಯ ಅಷ್ಟು ದೂರದಿಂದ ನಮ್ಮ ಗಡಿಯವರೆಗೆ ಬಂದಿತ್ತು.

ಶನಿವಾರವಾದರೂ ಆ ಕಚೇರಿಯವರು ಕೆಲಸಕ್ಕೆ ಬಂದಿದ್ದರು. ಹೆಚ್ಚಿನವರು ಹೆಣ್ಣುಮಕ್ಕಳು, ಟೈಪು ಮಾಡುವವರು, ಪತ್ರ ಬರೆಯುವವರು, ಲೆಕ್ಕ ಇಡುವವರು. ಯಾವುದೋ ದೇಶದ, ತಾವು ಎಂದೂ ನೋಡದ ಹಸಿದ ಮಕ್ಕಳಿಗಾಗಿ ಕಾಗದ ಪತ್ರ ಸಿದ್ಧಪಡಿಸುತ್ತಿದ್ದ ಕೈಗಳು ಅವು. ಕಟ್ಟಡದಲ್ಲಿ ಸತ್ತ ಹನ್ನೊಂದು ಮಂದಿಯಲ್ಲಿ ಬಹುಪಾಲು ಇವರೇ. ಕೆಲವರು ತಮ್ಮ ಮೇಜಿನ ಬಳಿಯಲ್ಲೇ ಸುಟ್ಟು ಹೋದರು. ಮೈತುಂಬ ಸುಟ್ಟಗಾಯಗಳಾಗಿದ್ದ ಒಬ್ಬರು ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು.

ಬೆಂಕಿಯಿಂದ ತಪ್ಪಿಸಿಕೊಂಡ ಕೆಲವರು ಒಂದು ಕೋಣೆಯೊಳಗೆ ಸೇರಿ ಹೊಗೆಯಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಒಬ್ಬ ಯುವತಿ ತನ್ನ ಬೆರಳಿನಲ್ಲಿದ್ದ ಉಂಗುರಗಳನ್ನು ತೆಗೆದು ಕಿಟಕಿಯಿಂದ ಹೊರಗೆ ಎಸೆದುಬಿಟ್ಟಳು. ಒಂದು ಶಾಲೆ ಮುಗಿಸಿದ ನೆನಪಿನದು, ಇನ್ನೊಂದು ಮೆಚ್ಚಿದ ಹುಡುಗ ಕೊಟ್ಟದ್ದು. ಇನ್ನು ತನಗೆ ಇವು ಬೇಕಾಗುವುದಿಲ್ಲ, ಸಿಕ್ಕವರಿಗಾದರೂ ಉಪಯೋಗವಾಗಲಿ ಎಂಬ ಭಾವನೆ ಅವಳದು. ಅವಳು ಬದುಕಿದಳು. ಅಗ್ನಿಶಾಮಕ ದಳದವರು ಉಂಗುರಗಳನ್ನು ಹುಡುಕಿ ಅವಳಿಗೆ ಮರಳಿಸಿದರು.

ಲಿಫ್ಟ್ ನಡೆಸುತ್ತಿದ್ದ ಬೆಟ್ಟಿ ಲೂ ಆಲಿವರ್ ಎಂಬ ತರುಣಿಯ ಕಥೆಯನ್ನು ಜಗತ್ತೇ ಬಲ್ಲದು. ಡಿಕ್ಕಿಯ ರಭಸಕ್ಕೆ ಗಾಯಗೊಂಡು ಸುಟ್ಟುಕೊಂಡಿದ್ದ ಅವರನ್ನು ಆಸ್ಪತ್ರೆಗೆ ಕಳಿಸಲೆಂದು ಇನ್ನೊಂದು ಲಿಫ್ಟಿನಲ್ಲಿ ಕೂರಿಸಿ ಕೆಳಗಿಳಿಸಿದರು. ಅಪಘಾತದಲ್ಲಿ ಆ ಲಿಫ್ಟಿನ ಹಗ್ಗಗಳೂ ದುರ್ಬಲವಾಗಿದ್ದದ್ದು ಯಾರಿಗೂ ತಿಳಿದಿರಲಿಲ್ಲ. ಹಗ್ಗ ಕಡಿದು ಲಿಫ್ಟ್ 75 ಮಹಡಿಗಳಷ್ಟು ಆಳಕ್ಕೆ ಬಿತ್ತು. ಕೆಳಗೆ ಸುರುಳಿಯಾಗಿ ಬಿದ್ದ ಹಗ್ಗದ ರಾಶಿ ಮೆತ್ತೆಯಂತಾಗಿ, ಅವರು ಮೂಳೆ ಮುರಿದರೂ ಬದುಕಿ ಉಳಿದರು.

ಬೀದಿಯಲ್ಲಿ ಹೋಗುತ್ತಿದ್ದ ಕರಾವಳಿ ಕಾವಲು ಪಡೆಯ 17 ವರ್ಷದ ಹುಡುಗ ಡೊನಾಲ್ಡ್ ಮೊಲೊನಿ ಎಂಬಾತ ಹತ್ತಿರದ ಔಷಧದ ಅಂಗಡಿಗೆ ಓಡಿ, ನೋವು ನಿವಾರಕ ಮದ್ದು, ಸೂಜಿ, ಪಟ್ಟಿಗಳನ್ನು ಕೇಳಿ ತಂದು, ಗಾಯಾಳುಗಳ ಶುಶ್ರೂಷೆಗೆ ಇಳಿದ. ಬೆಟ್ಟಿ ಲೂ ಅವರ ಬಳಿಗೂ ಅವನೇ ತಲುಪಿದ. ಅಪ್ಪಣೆ ಕೊಡುವವರಿಗಾಗಿ ಅವನು ಕಾಯಲಿಲ್ಲ. ಒಳ್ಳೆಯ ಸಮಾರಿಯದವನ ಕಥೆಯನ್ನು ನಾವು ಪ್ರತಿ ವರ್ಷ ಕೇಳುತ್ತೇವೆ. ಆ ಹುಡುಗ ಅದನ್ನು ಒಂದು ಬೆಳಿಗ್ಗೆ ಮಾಡಿ ತೋರಿಸಿದ.

ಇತ್ತ ವಿಮಾನದಲ್ಲಿದ್ದ ಆ ಎಳೆಯ ನಾವಿಕನ ದೇಹ ಎರಡು ದಿನಗಳವರೆಗೆ ಸಿಗಲೇ ಇಲ್ಲ. ಕೊನೆಗೆ ಲಿಫ್ಟಿನ ಬಾವಿಯ ತಳದಲ್ಲಿ ದೊರಕಿತು. ಒಬ್ಬ ಮಗನನ್ನು ಕಳೆದುಕೊಂಡು ಅಳುತ್ತಿದ್ದ ತಂದೆತಾಯಿಗೆ, ತಮ್ಮನ್ನು ಸಂತೈಸಲು ಬರುತ್ತಿದ್ದ ಇನ್ನೊಬ್ಬ ಮಗನ ಶವ ಬಂತು. ಆ ಮನೆಯ ಜಪಸರದಲ್ಲಿ ಅಂದು ರಾತ್ರಿ ವ್ಯಾಕುಲ ಮಾತೆಯ ಹೊರತು ಮತ್ತಾರು ಜತೆಗಿದ್ದಿರಲು ಸಾಧ್ಯ?

ಸಿಲೋವಾಮಿನ ಗೋಪುರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಯಾರ ಪಾಪಕ್ಕೆ ಇದು?

ಇದೇ ಪ್ರಶ್ನೆಯನ್ನು ಜನ ಪ್ರಭು ಯೇಸುವಿನ ಮುಂದೆಯೂ ತಂದಿದ್ದರು. ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯದ ಮೊದಲ ಐದು ವಚನಗಳನ್ನು ಇಂದು ಮನೆಯಲ್ಲಿ ಎಲ್ಲರೂ ಕುಳಿತು ಓದಿರಿ. ಅಲ್ಲಿ ಎರಡು ಬಗೆಯ ಸಾವುಗಳ ಮಾತಿದೆ. ಒಂದು, ಪಿಲಾತನು ಕೊಲ್ಲಿಸಿದ ಗಲಿಲೇಯದವರ ಸಾವು. ಅದು ಮನುಷ್ಯ ಬೇಕೆಂದು ಮಾಡಿದ ಕೊಲೆ. ಇನ್ನೊಂದು, ಸಿಲೋವಾಮಿನಲ್ಲಿ ಗೋಪುರ ಕುಸಿದು ಸತ್ತ ಹದಿನೆಂಟು ಜನರ ಸಾವು, ಅದು ಅಪಘಾತ. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರೇ ಎಂದು ಸ್ವಾಮಿ ತಾವೇ ಕೇಳಿ, ಇಲ್ಲವೇ ಇಲ್ಲ ಎಂದು ಎರಡು ಸಲವೂ ಖಂಡಿತವಾಗಿ ಹೇಳುತ್ತಾರೆ. ಅಷ್ಟಕ್ಕೇ ನಿಲ್ಲಿಸದೆ, ಬದುಕಿರುವ ನೀವು ಮನಸ್ಸು ತಿರುಗಿಸಿಕೊಳ್ಳಿರಿ ಎನ್ನುತ್ತಾರೆ. ಸತ್ತವರನ್ನು ತೀರ್ಪಿನ ಕಟಕಟೆಯಿಂದ ಇಳಿಸಿ, ಬದುಕಿರುವ ನಮ್ಮನ್ನು ಅಲ್ಲಿ ನಿಲ್ಲಿಸುತ್ತಾರೆ.

79ನೇ ಮಹಡಿಯ ಆ ಹೆಣ್ಣುಮಕ್ಕಳು ಕರುಣೆಯ ಕೆಲಸ ಮಾಡುತ್ತಿರುವಾಗಲೇ ಸತ್ತರು. ಅವರನ್ನು ಪಾಪಿಗಳೆಂದು ಹೇಳುವ ಬಾಯಿ ಯಾರಿಗಿದೆ? ಆದರೆ ಪೈಲಟ್ ಸ್ಮಿತ್ ಅವರ ಮಾತು ಬಂದಾಗ ನಮ್ಮ ನಾಲಿಗೆ ಚುರುಕಾಗುತ್ತದೆ. ಎಚ್ಚರಿಕೆ ಕೊಟ್ಟರೂ ಏಕೆ ಹೋದರು ಎಂದು ಕೇಳುತ್ತೇವೆ. ಅದು ನ್ಯಾಯವಾದ ಪ್ರಶ್ನೆಯೇ. ಮಂಜಿನಲ್ಲಿ ಮುಂದುವರಿದದ್ದು ತಪ್ಪು ನಿರ್ಧಾರ. ಅದರ ಬೆಲೆಯನ್ನು ಬೇರೆಯವರೂ ತೆತ್ತರು. ಆದರೆ ತಪ್ಪು ಮಾಡುವುದು ಬೇರೆ, ಕೊಲ್ಲಲು ಹೊರಡುವುದು ಬೇರೆ. ಮಂಜಿನಲ್ಲಿಯೂ ಮಳೆಯಲ್ಲಿಯೂ ಗಾಡಿ ಓಡಿಸುತ್ತ, ಬೇಗ ಮನೆ ಸೇರೋಣವೆಂದು ಅವಸರಪಟ್ಟ ನಮ್ಮಲ್ಲಿ ಯಾರು ಮೊದಲ ಕಲ್ಲು ಎಸೆಯಬಲ್ಲರು? ಆ ಹದಿನಾಲ್ಕು ಜನರಿಗಾಗಿ ಪ್ರಾರ್ಥಿಸುವಾಗ ಹನ್ನೊಂದು ಮಂದಿಯನ್ನು ಒಂದು ಕಡೆ, ಮೂವರನ್ನು ಇನ್ನೊಂದು ಕಡೆ ಇಡಬಾರದು. ಬಲಿಪೀಠದ ಮುಂದೆ ಹದಿನಾಲ್ಕು ಹೆಸರುಗಳೂ ಒಂದೇ ಸಾಲಿನಲ್ಲಿವೆ.

ಹಾಗಾದರೆ ತಪ್ಪಿಗೆ ಉತ್ತರ ಬೇಡವೇ? ಬೇಕು. ಕ್ಷಮೆ ನ್ಯಾಯವನ್ನು ಅಳಿಸುವುದಿಲ್ಲ. ಆ ಕಾಲದಲ್ಲಿ ಸರ್ಕಾರಿ ನೌಕರನ ತಪ್ಪಿನಿಂದ ಜೀವ ಹೋದರೂ ಅಮೆರಿಕದ ಸರ್ಕಾರದ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಲು ಸಾಮಾನ್ಯ ಪ್ರಜೆಗೆ ಸುಲಭದ ದಾರಿ ಇರಲಿಲ್ಲ. ಬಹಳ ಕಾಲದಿಂದ ಚರ್ಚೆಯಲ್ಲಿದ್ದ ಅಂಥ ಹಕ್ಕಿನ ಕಾನೂನು 1946ರಲ್ಲಿ ಜಾರಿಯಾಯಿತು. 1945ರ ಜನವರಿಯಿಂದಲೇ ಅದು ಅನ್ವಯಿಸಿದ್ದರಿಂದ ಈ ದುರಂತದಲ್ಲಿ ನೊಂದ ಕುಟುಂಬಗಳಿಗೂ ಪರಿಹಾರ ಕೇಳುವ ಬಾಗಿಲು ತೆರೆಯಿತು. ಮನಸ್ಸು ತಿರುಗಿಸಿಕೊಳ್ಳಿ ಎಂಬ ಸ್ವಾಮಿಯ ಮಾತಿಗೆ ಸಮಾಜದ ಮಟ್ಟದಲ್ಲಿಯೂ ಅರ್ಥವಿದೆ: ನೊಂದವರಿಗೆ ದಾರಿ ಮಾಡಿಕೊಡುವುದು, ಮತ್ತೆ ಅದೇ ತಪ್ಪು ನಡೆಯದಂತೆ ನೋಡಿಕೊಳ್ಳುವುದು.

ಬೇಕೆಂದು ಮಾಡಿದ ಸಾವು

ಶುಭಸಂದೇಶದಲ್ಲಿ ಗೋಪುರದ ಜತೆಗೆ ಪಿಲಾತನೂ ಇದ್ದಾನೆ ಎಂದೆವು. ನ್ಯೂಯಾರ್ಕಿನ ದುರಂತ ನಡೆದು ಒಂಬತ್ತು ದಿನಗಳಾಗುವಷ್ಟರಲ್ಲಿ, ಆಗಸ್ಟ್ 6ರಂದು, ಹಿರೋಷಿಮಾದ ಮೇಲೆ ಅಣುಬಾಂಬು ಬಿತ್ತು. ಆಗಸ್ಟ್ 9ರಂದು ನಾಗಸಾಕಿಯ ಸರದಿ. ಜಪಾನಿನಲ್ಲಿ ಕಥೋಲಿಕರು ಅತಿ ಹೆಚ್ಚಾಗಿ ನೆಲೆಸಿದ್ದ ಊರು ಅದು. ಬಾಂಬು ಸಿಡಿದ ಸ್ಥಳಕ್ಕೆ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ ಉರಕಾಮಿ ಪ್ರಧಾನಾಲಯ. ಮಾತೆ ಮರಿಯಳ ಸ್ವರ್ಗಸ್ವೀಕಾರದ ಹಬ್ಬಕ್ಕೆ ಆರೇ ದಿನ ಉಳಿದಿತ್ತು. ಇಬ್ಬರು ಗುರುಗಳು ಅಲ್ಲಿ ಪಾಪನಿವೇದನೆ ಕೇಳುತ್ತಿದ್ದರು. ಗುರುಗಳೂ ಭಕ್ತರೂ ಅಲ್ಲೇ ಮಡಿದರು. ಆ ಪ್ರದೇಶದ ಸುಮಾರು 12,000 ಕಥೋಲಿಕರಲ್ಲಿ ಸುಮಾರು 8,500 ಮಂದಿ ಸತ್ತರು.

ನ್ಯೂಯಾರ್ಕಿನಲ್ಲಿ ಬಾಂಬರ್ ವಿಮಾನ ದಾರಿ ತಪ್ಪಿ 14 ಜನ ಸತ್ತಾಗ ಜಗತ್ತು ಬೆಚ್ಚಿತು. ಅದೇ ಬಾಂಬರ್‌ಗಳು ದಾರಿ ತಪ್ಪದೆ ತಮ್ಮ ಕೆಲಸ ಮಾಡಿದಾಗ ಸಾವಿರ ಸಾವಿರ ಜನ ಸತ್ತರು. ಅದನ್ನು ವಿಜಯವೆಂದು ಕರೆದರು. ಇದು ನಾವು ನಿಂತು ಯೋಚಿಸಬೇಕಾದ ಮಾತು. ಇಡೀ ನಗರಗಳನ್ನು ಜನರ ಸಮೇತ ನಾಶಮಾಡುವ ಯುದ್ಧಕ್ರಮ ದೇವರಿಗೂ ಮನುಷ್ಯನಿಗೂ ವಿರುದ್ಧವಾದ ಅಪರಾಧವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಖಂಡಿಸಿತು. ಉರಕಾಮಿಯಲ್ಲಿ ಚೂರಾದ ಗಂಟೆಯ ಬದಲಿಗೆ ಅಮೆರಿಕದ ಕಥೋಲಿಕರು ಹಣ ಕೂಡಿಸಿ ಹೊಸ ಗಂಟೆ ಕೊಟ್ಟರು. 2025ರ ಆಗಸ್ಟ್ 9ರಂದು, ಎಂಬತ್ತು ವರ್ಷಗಳ ನಂತರ, ಆ ದೇವಾಲಯದ ಎರಡು ಗಂಟೆಗಳೂ ಮೊದಲ ಬಾರಿಗೆ ಕೂಡಿ ಮೊಳಗಿದವು. ಮನಸ್ಸು ತಿರುಗುವುದಕ್ಕೆ ಕಾಲ ಬೇಕು, ಆದರೆ ತಿರುಗುತ್ತದೆ.

ಮೇಜಿನ ಮೇಲೆ ಉಳಿದ ಕೆಲಸ

79ನೇ ಮಹಡಿಯ ಆ ಕಚೇರಿ ಏನಾಯಿತು? ಮೇಜು ಸುಟ್ಟಿತು, ಕಾಗದಗಳು ಸುಟ್ಟವು, ಜನ ಸತ್ತರು, ಕೆಲಸ ನಿಲ್ಲಲಿಲ್ಲ. ಉಳಿದವರು ಅದನ್ನು ಕೈಗೆತ್ತಿಕೊಂಡರು. ಯುದ್ಧ ಮುಗಿದ ಮೇಲೆ ಯೂರೋಪಿನ ಹಸಿದವರಿಗೆ ಅದರ ನೆರವು ಹೋಯಿತು. 1946ರಲ್ಲಿ ಅದು ಭಾರತದಲ್ಲಿಯೂ ಸೇವೆ ಆರಂಭಿಸಿತು. 1955ರಲ್ಲಿ ಅದರ ಹೆಸರು ಬದಲಾಗಿ ಕ್ಯಾಥೊಲಿಕ್ ರಿಲೀಫ್ ಸರ್ವೀಸಸ್ ಎಂದಾಯಿತು. ಈ ಹೆಸರು ಕೇಳಿದೊಡನೆ ನಮ್ಮ ಹಿರಿಯರ ಮುಖದಲ್ಲಿ ಒಂದು ನೆನಪು ಮೂಡುತ್ತದೆ. ಬರಗಾಲದ ವರ್ಷಗಳಲ್ಲಿ ದೇವಾಲಯದ ಅಂಗಳದಲ್ಲಿ, ಕಾನ್ವೆಂಟಿನ ಬಾಗಿಲಲ್ಲಿ ಜಾತಿಮತ ನೋಡದೆ ಹಂಚಿದ ಹಾಲಿನ ಪುಡಿ, ಗೋಧಿ ನುಚ್ಚು, ಎಣ್ಣೆಯ ಡಬ್ಬಗಳು! ಹಾಗೆ ಭಾರತದ ಊರೂರಿಗೆ ಬಂದ ಆಹಾರದಲ್ಲಿ ಈ ಸಂಸ್ಥೆಯ ಪಾಲು ದೊಡ್ಡದು. ಮಳೆ ಕೈಕೊಟ್ಟಾಗ ಹಸಿವೆಂದರೇನು ಎಂಬುದು ನಮ್ಮ ಬಯಲುಸೀಮೆಗೆ ಚೆನ್ನಾಗಿ ಗೊತ್ತು. 1945ರ ಆ ಶನಿವಾರ ಮೇಜಿನ ಬಳಿ ಸತ್ತವರು ಯಾರಿಗಾಗಿ ದುಡಿಯುತ್ತಿದ್ದರು ಎಂದು ಕೇಳಿದರೆ, ತಾವು ಕಾಣದ ನಮ್ಮಂಥವರಿಗಾಗಿಯೂ ಎಂದು ಹೇಳಬಹುದು. ಸತ್ತವರ ಋಣ ಎಂದರೆ ಇದೇ.

ನವೆಂಬರ್ 2ರ ಸ್ಮರಣೆಯನ್ನು 10ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಸಂತ ಓಡಿಲೊ ಅವರು ತಮ್ಮ ಮಠಗಳಲ್ಲಿ ಆರಂಭಿಸಿದರು. ಆ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಬಹುದು ಎಂಬ ಅನುಮತಿ ಮಾತ್ರ ಇಡೀ ಧರ್ಮಸಭೆಗೆ ಸಿಕ್ಕದ್ದು 1915ರಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಹೆಣಗಳ ರಾಶಿ ಬೀಳುತ್ತಿದ್ದುದನ್ನು ಕಂಡು ನೊಂದ ಪೋಪ್ 15ನೇ ಬೆನೆಡಿಕ್ಟರು ಅದನ್ನು ಕೊಟ್ಟರು. ಅಂದರೆ ನಾವು ಅಂದು ಪಾಲ್ಗೊಳ್ಳುವ ಆ ಬಲಿಪೂಜೆಗಳಲ್ಲಿ ಯುದ್ಧದಲ್ಲಿ ಮಡಿದವರ ನೆನಪು ಮೊದಲಿನಿಂದಲೂ ಸೇರಿಕೊಂಡಿದೆ.

ಆದ್ದರಿಂದ ಈ ವರ್ಷ ಸಮಾಧಿ ಭೂಮಿಗೆ ಹೋದಾಗ ನಮ್ಮ ಮನೆಯವರಿಗಾಗಿ ಹಚ್ಚುವ ಬತ್ತಿಗಳ ಜತೆಗೆ ಇನ್ನೊಂದು ಬತ್ತಿ ಹಚ್ಚೋಣ. ಅಪಘಾತದಲ್ಲಿ ಹಠಾತ್ತನೆ ಹೋದವರಿಗೆ, ಯುದ್ಧದಲ್ಲಿ ಮಡಿದ ಸೈನಿಕರಿಗೆ, ಏನೂ ಅರಿಯದೆ ಸತ್ತ ಜನಸಾಮಾನ್ಯರಿಗೆ, ತಪ್ಪು ಮಾಡಿ ತಾವೂ ಸತ್ತು ಇತರರ ಸಾವಿಗೂ ಕಾರಣರಾದವರಿಗೆ. ಅಪಘಾತದಲ್ಲಿ ಮಗನನ್ನೋ ಮಗಳನ್ನೋ ಕಳೆದುಕೊಂಡ ತಾಯಿ ನಮ್ಮ ಧರ್ಮಕೇಂದ್ರದಲ್ಲಿದ್ದರೆ, ಯಾರ ಪಾಪವೆಂದು ಅವರ ಕಿವಿಗೆ ಬೀಳುವಂತೆ ಮಾತಾಡದಿರೋಣ. ಅವರ ಪಕ್ಕದಲ್ಲಿ ನಿಂತು ಒಂದು ಜಪಸರ ಹೇಳೋಣ. ಸತ್ತವರು ಅರ್ಧಕ್ಕೆ ಬಿಟ್ಟುಹೋದ ಒಳ್ಳೆಯ ಕೆಲಸವೊಂದನ್ನು, ಅದು ಎಷ್ಟೇ ಸಣ್ಣದಿರಲಿ, ನಮ್ಮ ಕೈಗೆತ್ತಿಕೊಳ್ಳೋಣ.

ಮೃತರಾದ ಎಲ್ಲ ವಿಶ್ವಾಸಿಗಳಿಗೂ ದೇವರ ದಯೆಯಿಂದ ಚಿರಶಾಂತಿ ದೊರೆಯಲಿ.